ಹನ್ನೆರಡು ಪದರದ ಬೆಳಕು

ಒಪ್ಪಂದ ಇಷ್ಟೇ. ಮಲ್‌ಮಲ್ ಬಟ್ಟೆ ವರ್ತಕನದ್ದು, ಬಾವಿ ಊರಿನದ್ದು, ಬೆಳಕು ಯಾರದ್ದೂ ಅಲ್ಲ. ಬಾವಿಯ ತಳದಲ್ಲಿ ಕೂತು, ಬಟ್ಟೆಯನ್ನು ಪದರ ಪದರವಾಗಿ ಕಣ್ಣಿಗೆ ಹಿಡಿದು, ಆಕಾಶದ ಆ ಬೆಳಕು ಪೂರ್ತಿ ಹೋಗುವ ತನಕ ವರ್ತಕ ಕಾಯಬೇಕು. ಹೋಯಿತು ಎಂದು ಖಾತ್ರಿಯಾದ ದಿನ ಊರಬಾಗಿಲು ತೆರೆಯುತ್ತದೆ, ಮೊದಲು ಹೊರಗೆ ಕಾಲಿಡುವ ಸರದಿ ಅವನದ್ದು. ಬಾಗಿಲು ಮುಚ್ಚಿದಂದಿನಿಂದ ಹತ್ತೊಂಬತ್ತನೆಯ ದಿನ ಹೊತ್ತು ಮುಳುಗುವುದರೊಳಗೆ ಅವನು ತನ್ನ ಸೀಮೆಯ ಸಂತೆ ತಲುಪದಿದ್ದರೆ ಅವನ ಕಲ್ಲು ಹೋಯಿತು.

ಕಲ್ಲು ಎಂದರೆ ಕೂತು ವ್ಯಾಪಾರ ಮಾಡುವ ಜಾಗ. ಆ ಸಂತೆಯಲ್ಲಿ ಮೂರು ವಾರ ಸಾಲಾಗಿ ಖಾಲಿ ಬಿದ್ದ ಕಲ್ಲು, ಮೂರನೆಯ ವಾರದ ಸಂಜೆ ಯಾರು ಕೂತರೆ ಅವರದ್ದು. ವರ್ತಕನ ತಾತ ಕೂತು, ಅಪ್ಪ ಕೂತು, ಅವನೂ ಕೂತು, ಅದು ಅವರ ಮನೆಯವರ ಕುಂಡೆಗೆ ತಕ್ಕಂತೆ ತಗ್ಗಾಗಿತ್ತು. ಬೇರೆಯವರಿಗೆ ಒತ್ತುತ್ತಿತ್ತು. ಒತ್ತಿದರೂ ಚಿಂತೆಯಿಲ್ಲ ಎಂದು ಪಕ್ಕದ ಬಳೆಗಾರ ಇಪ್ಪತ್ತು ವರ್ಷದಿಂದ ಕಣ್ಣಿಟ್ಟು ಕಾದಿದ್ದ.

ಇನ್ನು ಈ ಊರಿನ ವಿಷಯ. ಈ ಊರಿನಲ್ಲಿ ಕಟ್ಟಳೆ ಒಂದೇ ಒಂದು. ಒಬ್ಬರು ಹೊರಟಿರುವಾಗ ಇನ್ನೊಬ್ಬರು ಹೊರಡಬಾರದು. ಊರಿಗೆ ಬಾಗಿಲು ಒಂದು, ಬಾಗಿಲಿಗೆ ಅಜ್ಜಿ ಒಬ್ಬಳು, ಬಾಗಿಲ ಮುಂದೆ ಬಯಲು, ಬಯಲಲ್ಲಿ ನೂಲು ಹಿಡಿದಂಥ ನೇರ ದಾರಿ. ಹೊರಟವರ ಬೆನ್ನು ಆ ದಾರಿಯಲ್ಲಿ ಸಣ್ಣದಾಗುತ್ತಾ ಸಣ್ಣದಾಗುತ್ತಾ ಕಾಣದಾಗುವ ತನಕ ಬಾಗಿಲಜ್ಜಿ ನಿಂತು ನೋಡುತ್ತಾಳೆ. ಕಾಣದಾದ ಮೇಲೆ “ಹೂಂ” ಅನ್ನುತ್ತಾಳೆ. ಆಮೇಲೆ ಮುಂದಿನವರು ಚಪ್ಪಲಿ ಮೆಟ್ಟಬಹುದು. ಈ ಕಟ್ಟಳೆ ಸಾಯುವವರಿಗೂ ಉಂಟು. ಅದೂ ಹೊರಡುವುದೇ ತಾನೆ?

ವರ್ತಕ ಬಂದದ್ದು ಒಂದು ದಿನದ ವ್ಯಾಪಾರಕ್ಕೆ. ಒಂದು ಹೇರೆತ್ತು, ನಾಲ್ಕು ಗಂಟು ಬಟ್ಟೆ. ಒಂದು ಗಂಟು ಖರ್ಚಾಗಿತ್ತು. ಮರುದಿನ ಬೆಳಿಗ್ಗೆ ಉಳಿದ ಮೂರನ್ನು ಎತ್ತಿನ ಮೇಲೆ ಹೇರಿ ಅವನು ಬಾಗಿಲಿಗೆ ಬಂದಾಗ, ಊರ ನಡುವಿನ ಬತ್ತಿದ ಬಾವಿಯೊಳಗಿಂದ ಪಾರಿವಾಳಗಳೆಲ್ಲ ಒಂದೇ ಸಲ ಭರ್ರನೆ ಮೇಲೆದ್ದವು. ಬೇರೆ ಏನೂ ಆಗಲಿಲ್ಲ. ಯಾರೂ ಏನೂ ನೋಡಲಿಲ್ಲ. ಆದರೆ ಅಜ್ಜಿ ಬಾಗಿಲು ದೂಡಿ ಅಗಳಿ ಹಾಕಿದಳು.

“ಅಜ್ಜೀ, ನಾನು ಹೊರಟಿದ್ದೀನಿ.”

“ನೀನಲ್ಲಪ್ಪ. ಬೇರೆಯವರು ಹೊರಟಿದ್ದಾರೆ.”

“ಯಾರು? ದಾರೀಲಿ ನಾಯಿಯೂ ಇಲ್ಲ.”

ಅಜ್ಜಿ ಬೆರಳನ್ನು ಮೇಲಕ್ಕೆ ತೋರಿಸಿದಳು. “ಅಲ್ಲೆಲ್ಲೋ. ಯಾರೋ ದೊಡ್ಡವರು ಮನೆ ಬಿಟ್ಟರು. ಎರಡು ಸಲ ಎವೆ ಬಡಿಯೋದ್ರೊಳಗೆ ಭುಗ್ ಅಂತ ಉರಿದು ಮುಗಿದುಹೋಯ್ತು. ಅದು ಮನುಷ್ಯರ ಕಣ್ಣಿಗೆ ಸಿಗೋದಲ್ಲ, ಪಾರಿವಾಳಕ್ಕೆ ಗೊತ್ತಾಗುತ್ತೆ. ಈಗ ಇರೋದು ಅವರ ಬೆನ್ನು. ಬೆನ್ನು ಕಾಣೋ ತನಕ ಇಲ್ಲಿಂದ ಯಾರೂ ಏಳೋ ಹಾಗಿಲ್ಲ.”

“ಎಷ್ಟು ಹೊತ್ತು ಕಾಣುತ್ತೆ?”

“ನಮ್ಮತ್ತೆ ಕಾಲದಲ್ಲಿ ಒಂದು ಸಲ ಆಗಿತ್ತಂತೆ. ಅರ್ಧ ಊರು ಹೋಯ್ತು ಅಂದರು, ಅರ್ಧ ಊರು ಇದೆ ಅಂದರು. ಅಳೆದವರು ಯಾರೂ ಇರಲಿಲ್ಲ. ತಲೆ ಒಡೆದದ್ದು ಏಳು.”

ಅಳೆದವರು ಇರಲಿಲ್ಲ ಎಂಬ ಮಾತು ಕೇಳಿ ವರ್ತಕನ ಕಿವಿ ನಿಮಿರಿತು. ಅಳತೆ ಇಲ್ಲದ ಕಡೆ ಅಳತೆಕೋಲು ಹಿಡಿದವನೇ ಯಜಮಾನ. ಅವನು ಗಂಟು ಬಿಚ್ಚಿ ಮಲ್‌ಮಲ್ ಬಟ್ಟೆ ತೆಗೆದ. ಕಣ್ಣಿಗೆ ಎಷ್ಟು ಪದರ ಹಿಡಿದರೆ ಬೆಳಕು ಮರೆಯಾಗುತ್ತದೋ ಅಷ್ಟು ಅದರ ತೂಕ. ಪದರ ಒಂದೂ ಬೇಡವಾಗಿ, ಬರಿಗಣ್ಣಿಗೂ ಕಾಣದಾದರೆ ಹೋಯಿತು ಎಂದು ಲೆಕ್ಕ. ತಕರಾರಿಲ್ಲ, ತಲೆ ಒಡೆಯುವುದಿಲ್ಲ. ಊರು ಒಪ್ಪಿತು. ಒಪ್ಪಂದವಾದದ್ದು ಹೀಗೆ.

ಅವನನ್ನು ಬುಟ್ಟಿಯಲ್ಲಿ ಕೂರಿಸಿ ಬಾವಿಗೆ ಇಳಿಸಿದರು. ಆಳದ ಬಾವಿ. ತಳದಿಂದ ನೋಡಿದರೆ ಆಕಾಶ ತಟ್ಟೆಯಷ್ಟು. ಹಗಲಿನಲ್ಲೂ ಅಲ್ಲಿ ಕತ್ತಲೆ, ಕತ್ತಲೆಯ ನಟ್ಟನಡುವೆ ಆ ಬೆಳಕು. ಬೇರೆ ಕಡೆ ಆಕಾಶ ತಿರುಗುತ್ತದೆ, ಈ ಬಾವಿಯ ಬಾಯಲ್ಲಿ ಮಾತ್ರ ತಿರುಗುವುದಿಲ್ಲ. ಯಾಕೆ ಎಂದು ಕೇಳಿದರೆ, ಬಾವಿ ಎಲ್ಲಾದರೂ ಅಲ್ಲಾಡುತ್ತದೆಯೇ ಎಂದು ಊರಿನವರು ತಿರುಗಿ ಕೇಳುತ್ತಾರೆ.

ಪಾರಿವಾಳ ಎದ್ದು ಒಂದು ಗಳಿಗೆಯಾದಾಗ ಮೊದಲ ಅಳತೆ, ಹನ್ನೆರಡು ಪದರ.

“ಇದ್ದಾರಾ?” ಎಂದು ಮೇಲಿಂದ ಅಜ್ಜಿ ಕೂಗಿದಳು.

“ಇದ್ದಾರೆ!” ಎಂದು ವರ್ತಕ ಕೂಗಿದ.

ಆ ಕೂಗು ಬಾವಿಕಟ್ಟೆಯಿಂದ ಬೀದಿಗೆ, ಬೀದಿಯಿಂದ ಜಗಲಿಗೆ, ಜಗಲಿಯಿಂದ ಪಡಸಾಲೆಗೆ ಹೋಯಿತು. ಮನೆ ಮನೆಯಲ್ಲೂ ಎದ್ದು ನಿಂತಿದ್ದ ನೆಂಟರಿಗೆ ಮನೆಯವರು ಹೇಳಿದರು: “ಹಾಗಾದರೆ ಕೂತ್ಕೊಳ್ಳಿ.”

ಇನ್ನೊಂದು ಗಳಿಗೆ ಕಳೆಯಿತು. ಹನ್ನೊಂದೇ ಪದರ ಸಾಕಾಯಿತು. ವರ್ತಕ ನಕ್ಕ. ಗಳಿಗೆಗೆ ಒಂದು ಪದರ, ಹನ್ನೆರಡು ಪದರಕ್ಕೆ ಹನ್ನೆರಡು ಗಳಿಗೆ. ಗಜದ ಲೆಕ್ಕ ಗೊತ್ತಿದ್ದವನಿಗೆ ಇದು ಯಾವ ಮಹಾ? ಹೊತ್ತು ಇಳಿಯುವುದರೊಳಗೆ ಹೊರಟೆ ಎಂದುಕೊಂಡು, “ಎತ್ತಿನ ಮೇಲಿನ ಹೇರು ಇಳಿಸಬೇಡಿ” ಎಂದು ಕೂಗಿ ಹೇಳಿದ.

ಮುಂದಿನ ಪದರ ಬೀಳಲು ಎರಡು ಗಳಿಗೆ ಬೇಕಾಯಿತು. ಅದರ ಮುಂದಿನದಕ್ಕೆ ನಾಲ್ಕು. ಅದರ ಮುಂದಿನದಕ್ಕೆ ಎಂಟು. ಎತ್ತು ಹೇರು ಹೊತ್ತುಕೊಂಡೇ ನಿಂತಿತ್ತು.

“ಹೇರು ಇಳಿಸಿ” ಎಂದ ವರ್ತಕ.

ಹುಣಿಸೆಬೀಜ ತರಿಸಿ ಲೆಕ್ಕಕ್ಕೆ ಕೂತ. ಈ ಬೆಳಕಿನ ರೀತಿಯೇ ಬೇರೆ. ಪಾರಿವಾಳ ಎದ್ದಲ್ಲಿಂದ ಎಷ್ಟು ಹೊತ್ತು ಕಳೆದಿರುತ್ತದೋ ಅಷ್ಟು ಹೊತ್ತನ್ನು ಮುಂದಿನ ಒಂದೇ ಪದರ ತಿನ್ನುತ್ತದೆ. ಅವಸರವಾಗಿ ಹೊರಟು, ಬಾಗಿಲಲ್ಲಿ ನಿಂತು, ಆಮೇಲೆ ಬೀದಿಯಲ್ಲಿ ನಿಂತು, ಆಮೇಲೆ ಬೇಲಿಯ ಹತ್ತಿರ ನಿಂತು ಮಾತಾಡುವ ಹೆಂಗಸರ ಹಾಗೆ. ಬೀಜ ಇಟ್ಟು ಇಟ್ಟು ಅಂಗೈ ಸಾಲದೆ, ಮೊರ ಸಾಲದೆ, ಕೊನೆಗೆ ನಾಲ್ಕು ಸಾವಿರದ ತೊಂಬತ್ತಾರು ಗಳಿಗೆಗೆ ಬಂದು ನಿಂತಿತು. ದಿನಕ್ಕೆ ಅರವತ್ತು ಗಳಿಗೆ. ಅರವತ್ತೆಂಟು ದಿನ.

ಅವನ ಕಲ್ಲಿಗೆ ಇದ್ದದ್ದು ಹತ್ತೊಂಬತ್ತು.

“ಅಜ್ಜೀ,” ಎಂದ, ಬುಟ್ಟಿಯಲ್ಲಿ ಮೇಲೆ ಬಂದು, ಬಹಳ ವಿನಯದಿಂದ, “ಮಲ್‌ಮಲ್ ತೆಳು ಬಟ್ಟೆ. ಕಂಬಳಿ ಹಿಡಿದು ಅಳೆದರೆ ಹೇಗೆ? ಒಂದೇ ಪದರಕ್ಕೆ ಕೆಲಸ ಮುಗಿಯುತ್ತೆ.”

“ಮುಸುಕು ಹಾಕ್ಕೊಂಡು ಮಲಗಿದರೆ ಮನೆಗೆ ಬಂದ ನೆಂಟರು ಹೋದರು ಅಂತ ಅರ್ಥವೇನಪ್ಪಾ?” ಎಂದಳು ಅಜ್ಜಿ.

ವರ್ತಕ ಇಳಿದುಕೊಂಡಿದ್ದದ್ದು ಒಬ್ಬ ಮುದುಕನ ಜಗಲಿಯಲ್ಲಿ. ಊರಿಗೆಲ್ಲ ಹಿರಿಯ ಆ ಮುದುಕ. ಪಾರಿವಾಳ ಎದ್ದ ಬೆಳಿಗ್ಗೆ ಅವನೂ ಹೊರಟವನೇ. ಮೂವರು ಗಂಡುಮಕ್ಕಳನ್ನು ಹಾಸಿಗೆಯ ಸುತ್ತ ಕರೆದು, ಇನ್ನೇನು ಭಯ ಎಂದುಕೊಂಡು, ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಹೇಳಿ ಮುಗಿಸಿದ್ದ. ಹಿರಿಯವನಿಗೆ, ನೀನು ಸತ್ತ ಎಮ್ಮೆಯ ಕೆಚ್ಚಲಿಗೂ ಚೊಂಬು ಹಿಡಿಯುವವನು ಎಂದ. ನಡುವಿನವನಿಗೆ, ನಿನಗೆ ಬೆನ್ನುಮೂಳೆ ಇದ್ದದ್ದು ನಿನ್ನ ಮದುವೆಯ ಹಿಂದಿನ ದಿನದ ತನಕ ಎಂದ. ಕಿರಿಯವನಿಗೆ, ನೀನು ಹುಟ್ಟಿದ್ದು ದಂಡ ಎಂದ. ಹೇಳಿ, ನೆಮ್ಮದಿಯಾಗಿ ಕಣ್ಣು ಮುಚ್ಚಿದ. ಅಷ್ಟರಲ್ಲಿ ಪಾರಿವಾಳ ಎದ್ದವು, ಬಾಗಿಲು ಬಿತ್ತು. ಮುದುಕ ಕಣ್ಣು ಬಿಟ್ಟ. ಮೂವರೂ ಅಲ್ಲೇ ಇದ್ದರು.

ಆವತ್ತಿನಿಂದ ನಾಲ್ಕು ಜನ ಒಂದೇ ಸೂರಿನಡಿ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು.

“ಸಾಹುಕಾರ್ರೇ, ಎಷ್ಟು ದಿನ ಅಂತೀರಿ?” ಎಂದು ಮುದುಕ ಗುಟ್ಟಾಗಿ ಕೇಳಿದ.

“ಅರವತ್ತೆಂಟು.”

“ಅಯ್ಯಯ್ಯೋ! ಇವರ ಮುಖ ನೋಡ್ಕೊಂಡಾ?”

“ಬೇಕಾದರೆ ಆಡಿದ ಮಾತು ವಾಪಸು ತಗೊಳ್ಳಿ. ಟೈಮಿದೆ.”

ಇದು ವರ್ತಕ ಬಾಯಿಗೆ ಬಂದಂತೆ ಆಡಿದ ಮಾತು. ಆದರೆ ಮುದುಕ ಅದನ್ನು ಗಟ್ಟಿಯಾಗಿ ಹಿಡಿದ. ಅರವತ್ತೆಂಟನ್ನು ಮೂರರಿಂದ ಭಾಗಿಸಿ, ಮಗನಿಗೆ ಇಪ್ಪತ್ತೆರಡು ದಿನದಂತೆ ಇಟ್ಟುಕೊಂಡು, ಹಿರಿಯವನಿಂದ ಶುರುಮಾಡಿದ. ಆಡುವುದಕ್ಕೆ ಅರ್ಧ ಗಳಿಗೆ ಹಿಡಿದ ಮಾತು ವಾಪಸು ಬರುವುದಕ್ಕೆ ಎಂಟು ದಿನ ಹಿಡಿಯಿತು.

ಊರೂ ತನ್ನ ಲೆಕ್ಕ ತಾನು ಹಾಕಿಕೊಂಡಿತು. ಒಲೆಯ ಹೊಗೆ ಮೇಲೆ ಹೋಗುವುದೂ ಹೊರಡುವ ಲೆಕ್ಕವೋ ಅಲ್ಲವೋ ಎಂದು ಎರಡು ದಿನ ಚರ್ಚೆ ನಡೆದು, ಅದೂ ಹೊರಡುವುದೇ ಎಂದು ತೀರ್ಮಾನವಾಗಿ, ಬೆಳಕಿಂಡಿಗಳಿಗೆಲ್ಲ ಬಟ್ಟೆ ತುರುಕಿದರು. ವರ್ತಕನ ಎರಡನೆಯ ಗಂಟು ಹಾಗೆ ಹೋಯಿತು. ಉಟ್ಟ ಬಟ್ಟೆಯಲ್ಲಿ ಬಂದು ಸಿಕ್ಕಿಕೊಂಡ ನೆಂಟರಿಗೆ ಮೂರನೆಯದೂ, ಅಳತೆಯ ಮಲ್‌ಮಲ್ ಮತ್ತು ಒಂದು ಕೆಂಪು ಥಾನು ಬಿಟ್ಟು ನಾಲ್ಕನೆಯದೂ ಹೋಯಿತು. ಒಂದು ಮನೆಗೆ ಹೆಣ್ಣು ನೋಡಲು ಬಂದವರು, ಒಪ್ಪಿಗೆಯಿಲ್ಲ ಎಂದು ಹೇಳಿ ಎದ್ದು ನಿಂತಾಗ ಬಾಗಿಲು ಬಿದ್ದಿತ್ತು. ಅವರು ಅದೇ ಹುಡುಗಿ ಬಡಿಸಿದ್ದನ್ನು ದಿನಾ ಎರಡು ಹೊತ್ತು ಉಂಡು, ದಿನಾ ಎರಡು ಹೊತ್ತು ತಲೆ ತಗ್ಗಿಸಿ ಕೂತರು. ನಾಲ್ಕನೆಯ ದಿನ ಹುಡುಗಿಯೇ, ನನಗೂ ಒಪ್ಪಿಗೆಯಿಲ್ಲ, ಇನ್ನಾದರೂ ತಲೆ ಎತ್ತಿ ಉಣ್ಣಿ ಎಂದಳು.

“ಇದ್ದಾರಾ?”

“ಇದ್ದಾರೆ!”

“ಹಾಗಾದರೆ ಕೂತ್ಕೊಳ್ಳಿ.”

ಆರು ಪದರ. ಐದು ಪದರ. ನಾಲ್ಕು ಪದರ. ಎಂಟೂವರೆ ದಿನಕ್ಕೆ ಸರಿಯಾಗಿ ಮೂರು ಪದರ. ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಇನ್ನು ಮುಂದಿನ ಪದರ ಬೀಳುವುದು ಹದಿನೇಳನೆಯ ದಿನ. ವರ್ತಕ ಕಲ್ಲಿನ ಆಸೆ ಬಿಟ್ಟ. ಹೋದ ಮಾಲಿಗೆ ಅಳುವುದು ವ್ಯಾಪಾರವಲ್ಲ.

ಆದರೆ ಹತ್ತನೆಯ ದಿನ ಬೆಳಿಗ್ಗೆ ಎರಡೇ ಪದರಕ್ಕೆ ಬೆಳಕು ಮರೆಯಾಯಿತು. ಅವನು ಕಣ್ಣುಜ್ಜಿಕೊಂಡ. ಅದೇ ಸಂಜೆ ಒಂದೇ ಪದರ ಸಾಕಾಯಿತು. ಎಂಟೂವರೆ ದಿನ, ಹದಿನೇಳು ದಿನ, ಮೂವತ್ತನಾಲ್ಕು ದಿನ ಎಂದು ಇಟ್ಟಿದ್ದ ಬೀಜದ ರಾಶಿಗಳೆಲ್ಲ ಸುಳ್ಳಾದವು.

“ಅಜ್ಜೀ! ಗಬಗಬ ಇಳೀತಾ ಇದೆ!”

“ಅವರ ದಾರೀಲಿ ತಿರುವು ಬಂದಿರಬೇಕು,” ಎಂದು ಅಜ್ಜಿ ಮೇಲಿಂದ ಹೇಳಿದಳು. “ತಿರುವಿನಲ್ಲಿ ಬೆನ್ನು ಬೇಗ ಮರೆಯಾಗುತ್ತಪ್ಪ. ನಮ್ಮ ದಾರಿ ನೇರ ಅಂತ ಎಲ್ಲರದ್ದೂ ನೇರವೇ?”

ಹನ್ನೊಂದನೆಯ ದಿನ ವರ್ತಕ ಪದರವಿಲ್ಲದೆ, ಬರಿಗಣ್ಣಿನಲ್ಲಿ ಮೇಲೆ ನೋಡಿದ. ಬೆಳಕು ಇರಲಿಲ್ಲ. ಅಂದರೆ ಪೂರ್ತಿ ಇರಲಿಲ್ಲ ಎನ್ನುವ ಹಾಗಿಲ್ಲ. ಅದಿದ್ದ ಜಾಗದಲ್ಲಿ ಸುಣ್ಣದ ಬೆರಳು ಒರೆಸಿದಷ್ಟು ಒಂದು ಮಸುಕು ಕಲೆ ಇತ್ತು. ಒಂದು ಪದರ ಹಿಡಿದರೆ ಇಲ್ಲ, ತೆಗೆದರೆ ಇದೆ. ಹನ್ನೆರಡನೆಯ ದಿನವೂ ಇತ್ತು. ಹದಿಮೂರನೆಯ ದಿನವೂ ಇತ್ತು. ಹೆಚ್ಚಲಿಲ್ಲ, ಇಳಿಯಲಿಲ್ಲ.

“ಇದ್ದಾರಾ?”

ವರ್ತಕ ಬೀಜದ ರಾಶಿಯನ್ನು ಕಾಲಿನಿಂದ ಬದಿಗೆ ತಳ್ಳಿ ಎದ್ದ. ಆಮೇಲೆ, “ಬುಟ್ಟಿ ಎಳೀರಿ” ಎಂದ.

ಬಾವಿಕಟ್ಟೆಯ ಸುತ್ತ ಊರು ಸೇರಿತು. ವರ್ತಕ ಹೇಳಿದ: “ನೋಡಿ, ನಾನು ಬತ್ತ ತೂಗಿಸಿದರೆ ಚೀಲದ ಸಮೇತ ತೂಗಿಸ್ತೀನಿ. ಆಮೇಲೆ ಬತ್ತ ಸುರಿದು, ಖಾಲಿ ಚೀಲದ ತೂಕ ಕಳೀತೀನಿ. ಚೀಲಕ್ಕೂ ತೂಕ ಇದೆ ಅಂತ ಅದನ್ನು ಬತ್ತ ಅನ್ನೋದಿಲ್ಲ. ಮೂರು ದಿನದಿಂದ ಆ ಕಲೆ ಒಂದೇ ಸಮ ನಿಂತಿದೆ. ಕಡಿಮೆ ಆಗದೇ ಇರೋದು ಹೊರಟದ್ದಲ್ಲ. ಹೊರಟವರು ಹೋದರು. ಕಾಣ್ತಿರೋದು ಅವರು ಬಿಟ್ಟು ಹೋದ ಮನೆ.”

ಜನ ತಲೆದೂಗಿದರು. ಅಜ್ಜಿ ತಲೆದೂಗಲಿಲ್ಲ.

“ಚೆನ್ನಾಗಿ ಹೇಳಿದೆ. ಆದರೆ ಖಾಲಿ ಚೀಲವನ್ನ ಮೊದಲು ತೂಗಿದವರು ಯಾರು? ಅವರು ಹೊರಡೋಕೆ ಮುಂಚೆ ಆ ಕಲೆ ಅಲ್ಲಿತ್ತು ಅಂತ ಕಂಡವರು ಯಾರಾದರೂ ಇದ್ದರೆ ತೋರಿಸು. ಬಾಗಿಲು ತೆಗೀತೀನಿ.”

ಅಜ್ಜಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ವರ್ತಕನೇ ಆಗಿದ್ದರೂ ಅದನ್ನೇ ಕೇಳುತ್ತಿದ್ದ. ಬತ್ತಿದ ಬಾವಿಯ ತಳದಲ್ಲಿ ಸುಮ್ಮನೆ ಕೂತು ಮೇಲೆ ನೋಡುವವರು ಯಾರು?

ಗುಂಪಿನ ಹಿಂದೆ, ಹಿರಿಯ ಮಗನ ಹೆಗಲು ಹಿಡಿದು ನಿಂತಿದ್ದ ಮುದುಕ ಮಾತ್ರ ಮುಖ ಆಚೆ ತಿರುಗಿಸಿದ. ಬೆಲೆ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಮುಖ ತಿರುಗಿಸುವವರನ್ನು ವರ್ತಕ ಸಂತೆಯಲ್ಲಿ ಸಾವಿರ ಜನ ಕಂಡಿದ್ದ.

ಸಂಜೆ ಜಗಲಿಯಲ್ಲಿ ಮುದುಕನ ಪಕ್ಕ ಕೂತ.

“ಯಜಮಾನ್ರೇ, ನೀವು ನೋಡಿದ್ದೀರಿ.”

ಮುದುಕ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದ. “ಏಳು ವರ್ಷದವನಿದ್ದಾಗ ಆ ಬಾವಿಗೆ ಬಿದ್ದಿದ್ದೆ. ಬೆಳಗ್ಗೆ ಬಿದ್ದವನನ್ನ ಎತ್ತಿದ್ದು ಸಾಯಂಕಾಲ. ಅಲ್ಲಿ ಮಾಡೋಕೆ ಇನ್ನೇನು ಕೆಲಸ? ಆ ಕಲೆಯನ್ನೇ ನೋಡಿಕೊಂಡಿದ್ದೆ. ಇದ್ದದ್ದು ಹೌದು.”

“ಹಾಗಾದರೆ ಹೇಳಿ!”

“ಹೇಳಿದರೆ ಬಾಗಿಲು ತೆಗೀತಾರೆ. ಮೊದಲು ನೀವು. ನಿಮ್ಮ ಹಿಂದಿನ ಸರದಿ ಯಾರದ್ದು? ಹೊರಡ್ತೀನಿ ಅಂತ ಮೊದಲು ಹೇಳಿ ಕೂತವನು ನಾನು.” ಮುದುಕ ಎಲೆ ಬಾಯಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದುಕೊಂಡ. “ಹಿರಿಯವನು ನಿನ್ನೆ ನನ್ನ ಕಾಲು ಒತ್ತಿದ. ನಡುವಿನವನು ಇವತ್ತು ನಕ್ಕ. ಕಿರಿಯವನು ಇನ್ನೂ ನನ್ನ ಕಡೆ ನೋಡಿಲ್ಲ. ಅರವತ್ತೆಂಟು ಅಂದಿದ್ರಿ ನೀವು.”

“ಬೆಳಕು ಮಾತು ತಪ್ಪಿತು. ನಾನಲ್ಲ.”

“ಕಿರಿಯವನಿಗೆ ಆಡಿದ್ದು ಎಲ್ಲಕ್ಕಿಂತ ಕೆಟ್ಟ ಮಾತು.”

ವರ್ತಕ ಒಳಗೆ ನೋಡಿದ. ಮೂವರು ಮಕ್ಕಳು ಪಡಸಾಲೆಯಲ್ಲೇ ಇದ್ದರು. ಅವನು ಹೆಗಲ ಮೇಲಿನ ವಸ್ತ್ರ ತೆಗೆದು ತನ್ನ ಕೈ ಮೇಲೆ ಹರಡಿ, ಮುದುಕನ ಕೈಯನ್ನು ಅದರಡಿಗೆ ಎಳೆದುಕೊಂಡ. ದನದ ವ್ಯಾಪಾರ ಹೀಗೇ ನಡೆಯುವುದು. ಬಾಯಿ ಮಳೆ ಬೆಳೆ ಮಾತಾಡುತ್ತದೆ, ವಸ್ತ್ರದಡಿಯಲ್ಲಿ ಬೆರಳು ಬೆಲೆ ಮಾತಾಡುತ್ತದೆ.

“ನಾನು ಹೊರಟಿರುವಾಗ ಇನ್ನೊಬ್ಬರು ಹೊರಡೋ ಹಾಗಿಲ್ಲ, ಅಲ್ವಾ?” ಎಂದ ವರ್ತಕ ಸಣ್ಣ ದನಿಯಲ್ಲಿ. “ನನ್ನ ಬೆನ್ನು ಎಷ್ಟು ದಿನ ಕಾಣಬೇಕು?”

ಮುದುಕನ ಕಣ್ಣು ಅರಳಿತು. ಅವನು ವರ್ತಕನ ಐದೂ ಬೆರಳು ಹಿಡಿದ.

“ಈ ಸಲ ಸೆಕೆ ಜಾಸ್ತಿ” ಎಂದು ಗಟ್ಟಿಯಾಗಿ ಹೇಳುತ್ತಾ ವರ್ತಕ ಮೂರು ಬೆರಳು ಮಡಿಸಿದ. ಎರಡು ದಿನ.

“ಸೆಕೆಯೇನು ಸೆಕೆ, ನಮ್ಮ ಕಾಲದ್ದು ನೋಡಬೇಕಿತ್ತು” ಎಂದು ಮುದುಕ ನಾಲ್ಕು ಹಿಡಿದ.

“ನನ್ನ ಕಲ್ಲು ಹೋಗುತ್ತೆ ಯಜಮಾನ್ರೇ.”

“ನನ್ನ ಮಗ ಹೋಗ್ತಾನೆ.”

ವಸ್ತ್ರ ಸ್ವಲ್ಪ ಹೊತ್ತು ಅಲ್ಲಾಡಿತು. ಮೂರು ಬೆರಳಿಗೆ ನಿಂತಿತು.

ಹದಿನಾಲ್ಕನೆಯ ದಿನ ಬೆಳಿಗ್ಗೆ ಮುದುಕನನ್ನು ಬುಟ್ಟಿಯಲ್ಲಿ ಬಾವಿಗೆ ಇಳಿಸಿದರು. ಎಂಬತ್ತು ವರ್ಷದ ಮೇಲೆ ಅವನು ಅದೇ ತಳದಲ್ಲಿ ತಲೆಯೆತ್ತಿ ಕೂತ.

“ಇದ್ದಾರಾ?” ಎಂದಳು ಅಜ್ಜಿ.

“ಮನೆ ಇದೆ,” ಎಂದು ಮುದುಕ ಕೂಗಿದ. “ನಾನು ಬಿದ್ದಾಗ ಎಷ್ಟಿತ್ತೋ ಅಷ್ಟೇ ಇದೆ. ಮನೆಯಲ್ಲಿದ್ದವರು ಹೋದರು.”

ಅಜ್ಜಿ ಕಣ್ಣು ಮುಚ್ಚಿ, ಕಣ್ಣು ತೆರೆದು, “ಹೂಂ” ಎಂದಳು. ಹದಿನಾಲ್ಕು ದಿನದ ಮೇಲೆ ಅಗಳಿ ಕಿರುಗುಟ್ಟಿತು. ಬೆಳಕಿಂಡಿಗಳಿಂದ ಬಟ್ಟೆ ಕಿತ್ತರು. ಆದರೆ ಹೊಗೆಗೂ ಸರದಿ ಉಂಟು ಎಂದು ಯಾರೋ ನೆನಪು ಮಾಡಿದ್ದರಿಂದ ಮತ್ತೆ ತುರುಕಿದರು.

ವರ್ತಕ ಹೊರಟ. ಅಂಥ ಹೊರಡುವಿಕೆಯನ್ನು ಆ ಊರು ಕಂಡಿರಲಿಲ್ಲ. ಅಳತೆಯ ಮಲ್‌ಮಲ್ ಬಟ್ಟೆಯನ್ನು ಊರಿಗೇ ಬಿಟ್ಟು, ಎತ್ತಿನ ಬೆನ್ನಿಗೆ ಉದ್ದನೆಯ ಬಿದಿರು ನಿಲ್ಲಿಸಿ, ಉಳಿದಿದ್ದ ಒಂದೇ ಕೆಂಪು ಥಾನನ್ನು ಅದರ ತುದಿಗೆ ಕಟ್ಟಿ ಗಾಳಿಗೆ ಬಿಟ್ಟಿದ್ದ. ಎರಡು ಹೆಜ್ಜೆ ಇಡುವನು, ನಿಲ್ಲುವನು. ಎತ್ತಿಗೆ ಹುಲ್ಲು ತೋರಿಸುವನು. ಹುಲ್ಲಿಲ್ಲದ ಕಡೆ ಹುಲ್ಲು ಇಲ್ಲವೆಂದು ತೋರಿಸುವನು. ಮೊದಲ ದಿನದ ಸಂಜೆಗೆ ಅವನು ಕೈ ಅಳತೆಯಷ್ಟು ಕಂಡ. ಕತ್ತಲಾದ ಮೇಲೆ ಎತ್ತಿನ ಕೊಂಬಿಗೆ ಕಂದೀಲು ಕಟ್ಟಿದ. ಎರಡನೆಯ ದಿನ ಬೆರಳಿನಷ್ಟು ಕಂಡ. ಮೂರನೆಯ ದಿನ ಉಗುರಿನಷ್ಟು.

“ಇದ್ದಾರಾ?” ಎಂದು ಊರು ಕೇಳಿತು.

“ಇದ್ದಾರೆ,” ಎಂದಳು ಬಾಗಿಲಜ್ಜಿ, ಹಣೆಗೆ ಕೈ ಅಡ್ಡ ಹಿಡಿದು. “ಏನು ಹೊರಡ್ತಾನೋ ಮಹರಾಯ.”

ಮುದುಕನ ಮನೆಯಲ್ಲಿ ಹಿರಿಯವನು ಹೇಳಿದ: “ಹಾಗಾದರೆ ಕೂತ್ಕೊಳ್ಳಿ ಅಪ್ಪಾ.” ನಡುವಿನವನು ದಿಂಬು ತಂದ. ಕಿರಿಯವನು ಹಟ್ಟಿಯ ಕಡೆ ಎದ್ದು ಹೋದ. ಮುದುಕ ಕೋಲು ಊರಿಕೊಂಡು ಅವನ ಹಿಂದೆಯೇ ಹೋದ.

ಹದಿನೇಳನೆಯ ದಿನ ಬೆಳಿಗ್ಗೆ ವರ್ತಕ ಬಯಲಿನ ಅಂಚಿಗೆ ಬಂದ. ಅಲ್ಲಿ ದಾರಿ ಇಳಿಜಾರಿಗೆ ಬೀಳುತ್ತದೆ. ಒಂದು ಹೆಜ್ಜೆ ಆಚೆ ಇಟ್ಟರೆ ಅವನಿಲ್ಲ. ಮಾತಾಡಿದ್ದ ಮೂರು ದಿನ ಮುಗಿದಿತ್ತು. ಸಂತೆಗೆ ಇನ್ನೂ ಎರಡು ದಿನದ ದಾರಿ, ಅದೂ ಎತ್ತು ಎಲ್ಲೂ ನಿಲ್ಲದಿದ್ದರೆ. ಅವನು ಹಿಂತಿರುಗಿ ನೋಡಿದ. ಊರು ಸಾಸಿವೆಯಷ್ಟಿತ್ತು. ಅಲ್ಲಿ ಯಾರು ಯಾರ ಕಡೆ ನೋಡಿದರು, ನೋಡಲಿಲ್ಲ, ಅಷ್ಟು ದೂರದಿಂದ ತಿಳಿಯುವುದು ಹೇಗೆ?

ಅವನು ಅಂಚಿನ ಮೇಲೆ ಕೂತ. ಬುತ್ತಿ ಬಿಚ್ಚಿದ. ಉಂಡ ಮೇಲೂ ಕೂತಿದ್ದ. ಎತ್ತು ಅವನ ಮುಖ ನೋಡಿತು.

“ಸುಮ್ನಿರು,” ಎಂದ ಎತ್ತಿಗೆ. ಹೊತ್ತು ಮುಳುಗಿದ ಮೇಲೆ ಎದ್ದು, ಗಾಳಿಗೆ ಚಿಂದಿಯಾದ ಥಾನನ್ನು ಬಿದಿರಿನ ಸಮೇತ ಕೆಳಗೆ ಹಾಕಿ, ಆಚೆ ಇಳಿದ.

ಹತ್ತೊಂಬತ್ತನೆಯ ದಿನ, ಸಂತೆ ಕಟ್ಟುವ ಹೊತ್ತು. ಬಳೆಗಾರ ಆ ಕಲ್ಲಿನ ಮೇಲೆ ಟವಲು ಹಾಸಿ, ಸೂರ್ಯನನ್ನೇ ನೋಡುತ್ತಾ ಮೊಣಕಾಲು ಅರ್ಧ ಬಗ್ಗಿಸಿ ನಿಂತಿದ್ದ.

“ಟವಲು ತೆಗಿಯಪ್ಪ,” ಎಂದ ವರ್ತಕ.

“ಬಂದ್ಯಾ? ಥೂ! ಇನ್ನು ನಾಲ್ಕು ಎಣಿಸೋದ್ರೊಳಗೆ ಕೂರ್ತಿದ್ದೆ.” ಬಳೆಗಾರ ಬರಿಬೆನ್ನಿನ ಎತ್ತನ್ನೂ ಮೇಲಿನಿಂದ ಕೆಳಗಿನ ತನಕ ವರ್ತಕನನ್ನೂ ನೋಡಿದ. “ಏನೋ ಇದು, ಮಾರೋಕೆ ಒಂದು ಅಂಗೈ ಬಟ್ಟೆಯೂ ಇಲ್ಲ, ಮುಖ ನೋಡಿದರೆ ಹೆಣ ಹೊತ್ತು ಬಂದವನ ಹಾಗಿದೆ?”

“ಹೊತ್ತಿಲ್ಲ. ತಡೆದು ಬಂದೆ.”

ಮಾರಲು ಏನೂ ಇಲ್ಲದೆ ಅವನು ಕಲ್ಲಿನ ಮೇಲೆ ಕೂತ. ಗಿರಾಕಿ ಇಲ್ಲ, ಮಾಲಿಲ್ಲ, ಹೊತ್ತೂ ಇಲ್ಲ. ಬೆರಳು ಮಡಿಸಿ ಒಮ್ಮೆ ಎಣಿಸಿಕೊಂಡ. ತನಗೆ ಉಳಿದದ್ದು ಕಲ್ಲು ಒಂದು, ಎತ್ತು ಒಂದು. ಮುದುಕನಿಗೆ ಸಂದದ್ದು ಮಾತಿನಂತೆ ಮೂರು ದಿನ, ಅದರ ಮೇಲೆ ಕೊಸರು ಅರ್ಧ ದಿನ.